ಬಾಯಿಬಿಟ್ಟು ಹೇಳದ ಬಯಕೆ

ಬಸುರಿಯ ಬಯಕೆಯನ್ನು ತೀರಿಸುವುದು ಕನ್ನಡನಾಡಿನ ಮನೆಗಳಲ್ಲಿ ಹಿಂದಿನಿಂದಲೂ ನಡೆದುಬಂದ ಧರ್ಮ. ಮಾವಿನಕಾಯಿ ಬೇಕೆಂದರೆ ಮಾವಿನಕಾಯಿ, ಹುಣಿಸೆಯ ಹಣ್ಣು ಬೇಕೆಂದರೆ ಹುಣಿಸೆಯ ಹಣ್ಣು. ನಡುರಾತ್ರಿಯಲ್ಲಿ ತೌರುಮನೆಯ ಉಪ್ಪಿನಕಾಯಿ ನೆನಪಾಯಿತೆಂದರೆ ಮರುದಿನದ ಮೊದಲನೆಯ ಬಸ್ಸಿನಲ್ಲಿಯೇ ಅದನ್ನು ತರಿಸುವ ಗಂಡಂದಿರೂ ಉಂಟು. ಬಯಕೆ ತೀರದೆ ಉಳಿದರೆ ಹುಟ್ಟುವ ಮಗುವಿನ ಕಿವಿ ಸೋರುವುದೆಂದು ಹಿರಿಯ ಹೆಂಗಸರು ಹೇಳುವ ಮಾತನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಆದರೆ ಅನೇಕ ಬಸುರಿಯರ ಮನಸ್ಸಿನಲ್ಲಿ ಒಂದು ಬಯಕೆ ಹುಟ್ಟಿ ಅಲ್ಲಿಯೇ ಅಡಗಿಹೋಗುತ್ತದೆ. ಅದನ್ನು ತೀರಿಸಲು ಹಣ ಬೇಕಾಗಿಲ್ಲ. ಪೇಟೆಗೆ ಹೋಗಬೇಕಾಗಿಯೂ ಇಲ್ಲ. ‘ಮನೆಯೊಳಗೆ ಬೀಡಿ ಸಿಗರೇಟು ಸೇದಬೇಡಿ’ ಎಂಬ ನಾಲ್ಕೇ ಮಾತು. ಆ ನಾಲ್ಕು ಮಾತನ್ನು ಆಡುವ ಧೈರ್ಯ ಅವಳಿಗಿಲ್ಲ.

ಗುಂಡ್ಲುಪೇಟೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಆಷಾಢದ ದಿನಗಳು. ಊರ ಹೊರಗೆ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿ ನಿಂತಿವೆ. ಉದಕಮಂಡಲಕ್ಕೆ ಹೊರಟ ಪ್ರವಾಸಿಗಳು ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಿದ್ದಾರೆ. ಊರೊಳಗೆ ಬೀಸುಗಾಳಿ, ಜಿಟಿಜಿಟಿ ಮಳೆ. ಮನೆಯ ಬಾಗಿಲು ಕಿಟಕಿಗಳೆಲ್ಲ ಮುಚ್ಚಿವೆ. ನಡುಮನೆಯ ಕುರ್ಚಿಯಲ್ಲಿ ಕುಳಿತ ಮಾವನವರು, ನಿವೃತ್ತ ಉಪಾಧ್ಯಾಯರು, ಕಾಫಿ ಮುಗಿಸಿ ಸಿಗರೇಟು ಹಚ್ಚುತ್ತಾರೆ. ರಾತ್ರಿ ಅಂಗಡಿಯಿಂದ ಮರಳಿದ ಮಗ ತಂದೆಯ ಎದುರಿಗೆ ಸೇದಬಾರದೆಂಬ ಮರ್ಯಾದೆಯಿಂದ ಮಲಗುವ ಕೋಣೆಗೆ ಹೋಗಿ, ಕಿಟಕಿಯನ್ನು ಬೆರಳಷ್ಟು ತೆರೆದು, ತನ್ನದನ್ನು ಹಚ್ಚುತ್ತಾನೆ. ಆರು ತಿಂಗಳ ಬಸುರಿಯಾದ ಸೊಸೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಡುಗೆಮನೆಯಿಂದ ಕೋಣೆಗೂ ಕೋಣೆಯಿಂದ ಅಡುಗೆಮನೆಗೂ ತಿರುಗುತ್ತಾಳೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಸೊಸೆಗೆಂದು ಸಂತೆಯಿಂದ ಒಳ್ಳೆಯ ದಾಳಿಂಬೆ ಆರಿಸಿ ತರುವವರು ಅದೇ ಮಾವ. ಅವಳ ಕಾಲು ಊದಿತೆಂದು ಎರಡು ರಾತ್ರಿ ನಿದ್ದೆಗೆಟ್ಟವನು ಅದೇ ಗಂಡ.

ತಿಂಗಳ 9ನೆಯ ತಾರೀಖು ಬರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಪ್ರಕಾರ ಪ್ರತಿ ತಿಂಗಳ ಆ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ, ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದ ಹೆಂಗಸರು ಅಂದು ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಾರೆ. ತೂಕ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ರಕ್ತದ ಪರೀಕ್ಷೆ ಮಾಡುತ್ತಾರೆ, ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ‘ಹೊಗೆಸೊಪ್ಪು ಹಾಕುವ ಅಭ್ಯಾಸವುಂಟೇ?’ ಎಂದು ದಾದಿ ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾಳೆ. ‘ಬೀಡಿ ಸಿಗರೇಟಿನ ಹೊಗೆಯ ಹತ್ತಿರ ಇರಬೇಡಿ’ ಎಂದರೆ ಹೂಂ ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಹಿಂದಿನವಳ ಸರದಿ ಬಂದಿರುತ್ತದೆ.

ಆಗ ಗಂಡನೆಲ್ಲಿ? ಅವನೂ ಬಂದಿದ್ದಾನೆ, ಕೆಲಸ ಬಿಟ್ಟು ಹೆಂಡತಿಯನ್ನು ಕರೆತಂದಿದ್ದಾನೆ. ಆಸ್ಪತ್ರೆಯ ಆವರಣದಲ್ಲಿ ಸೇದಬಾರದೆಂದು ಫಲಕವಿರುವುದರಿಂದ ರಸ್ತೆಯ ಆಚೆಗಿನ ಚಹದಂಗಡಿಯ ಬಳಿ ನಿಂತು ಸಿಗರೇಟು ಹಚ್ಚಿದ್ದಾನೆ. ಒಳಗೆ ಹೇಳಿದ ಹಿತವಚನ ಅವನ ಕಿವಿಗೆ ಬೀಳಲಿಲ್ಲ. ಅದು ತಾಯಿ ಕಾರ್ಡಿನ ಜೊತೆಯಲ್ಲಿ ಚೀಲವನ್ನು ಸೇರಿ ಮನೆಗೆ ಬಂದು ಕಪಾಟಿನಲ್ಲಿ ಕುಳಿತುಕೊಳ್ಳುತ್ತದೆ. ಒಬ್ಬರಿಗೆ ಬರೆದ ಕಾಗದವನ್ನು ಅಂಚೆಯವನು ಮತ್ತೊಬ್ಬರ ಮನೆಗೆ ಹಾಕಿಹೋದಂತಾಯಿತು. ಸೇದುವವನಿಗೆ ಹೇಳಬೇಕಾದ ಮಾತನ್ನು ಸೇದದವಳಿಗೆ ಹೇಳಿ ಕಳುಹಿಸುವುದೇ ಈ ವಿಷಯದಲ್ಲಿ ನಡೆಯುತ್ತಿರುವ ದೊಡ್ಡ ಲೋಪ.

ಇದು ಎಲ್ಲೋ ಒಂದೆರಡು ಮನೆಗಳ ಕಥೆಯಲ್ಲ. 2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ಗಂಡಸರಲ್ಲಿ ನೂರಕ್ಕೆ 19 ಮಂದಿ ಧೂಮಪಾನ ಮಾಡುವವರು. ಹೆಂಗಸರಲ್ಲಿ ನೂರಕ್ಕೆ ಇಬ್ಬರು ಮಾತ್ರ. ಆದರೆ ಮನೆಯೊಳಗೆ ಪರರ ಹೊಗೆಯನ್ನು ಉಸಿರಾಡುವ ವಯಸ್ಕರು ನೂರಕ್ಕೆ 38ಕ್ಕೂ ಹೆಚ್ಚು. ಹಚ್ಚುವವರು ಕೆಲವರು, ಕುಡಿಯುವವರು ಮನೆಮಂದಿಯೆಲ್ಲ.

ಈ ಹೊಗೆಯ ಸ್ವಭಾವವನ್ನು ತುಸು ತಿಳಿಯುವುದು ಒಳ್ಳೆಯದು. ಸೇದುವವನು ಒಳಗೆಳೆದು ಹೊರಬಿಟ್ಟ ಹೊಗೆ ಒಂದು. ಬೆರಳುಗಳ ನಡುವೆ ಸುಮ್ಮನೆ ಉರಿಯುವ ತುದಿಯಿಂದ ಏಳುವ ಹೊಗೆ ಮತ್ತೊಂದು. ಕೋಣೆಯನ್ನು ತುಂಬುವುದರಲ್ಲಿ ಬಹುಪಾಲು ಈ ಎರಡನೆಯದು. ಅದು ಕಡಮೆ ಕಾವಿನಲ್ಲಿ ಅರೆಬರೆ ಉರಿದು ಹುಟ್ಟಿದ್ದು. ಯಾವ ಸೋಸುಬತ್ತಿಯನ್ನೂ ಹಾದುಬಂದುದಲ್ಲ. ಆದುದರಿಂದ ಅದರಲ್ಲಿ ವಿಷಾಂಶಗಳು ಇನ್ನೂ ಸಾಂದ್ರವಾಗಿರುತ್ತವೆ. ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಮೀರಿದ ರಾಸಾಯನಿಕಗಳಿವೆಯೆಂದೂ, ಅವುಗಳಲ್ಲಿ ಸುಮಾರು 70 ಅರ್ಬುದವನ್ನು ತರತಕ್ಕವೆಂದೂ ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಎಲೆಯಲ್ಲಿ ಸುತ್ತಿದ ಬೀಡಿ ಸಿಗರೇಟಿಗಿಂತ ಸಾಧುವೆಂಬ ಭಾವನೆಗೆ ಆಧಾರವಿಲ್ಲ.

ಬಸುರಿಯ ವಿಷಯದಲ್ಲಿ ಎರಡು ಅಂಶಗಳು ಮುಖ್ಯವಾದುವು. ಮೊದಲನೆಯದು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಸಾಗಿಸುವ ಗಾಡಿಯೆನ್ನಬಹುದು. ಈ ಅನಿಲ ಆ ಗಾಡಿಯ ಸೀಟನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿದು ಕುಳಿತುಬಿಡುತ್ತದೆ. ತಾಯಿಯ ರಕ್ತದಿಂದ ಮಗುವಿನ ರಕ್ತಕ್ಕೂ ದಾಟುತ್ತದೆ. ತಾನಾಗಿ ಉಸಿರಾಡಲಾರದ ಮಗುವಿಗೆ ಬರಬೇಕಾದ ಆಮ್ಲಜನಕ ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಎರಡನೆಯದು ನಿಕೋಟಿನ್. ಇದೂ ಮಾಸುಚೀಲವನ್ನು ದಾಟತಕ್ಕದ್ದು. ರಕ್ತನಾಳಗಳನ್ನು ಕುಗ್ಗಿಸುವ ಗುಣವುಳ್ಳದ್ದು. ನಮ್ಮ ಕಡೆಯ ಬಸುರಿಯರಲ್ಲಿ ರಕ್ತಹೀನತೆ ಮೊದಲೇ ವ್ಯಾಪಕವಾದುದು. ಇರುವ ಗಾಡಿಗಳೇ ಕೆಲವು. ಅವುಗಳಲ್ಲಿಯೂ ಕೆಲವನ್ನು ಹೊಗೆ ಹಿಡಿದಿಟ್ಟುಕೊಂಡರೆ ಮಗುವಿನ ಪಾಲಿಗೆ ಉಳಿಯುವುದೆಷ್ಟು?

ಸೇದದವರಿಗೂ ಪರರ ಹೊಗೆಯಿಂದ ರೋಗ ಬರಬಹುದೆಂಬ ಮಾತನ್ನು ಜಗತ್ತು ಗಂಭೀರವಾಗಿ ಕೇಳುವಂತೆ ಮಾಡಿದವರಲ್ಲಿ ಜಪಾನಿನ ತಕೇಶಿ ಹಿರಯಾಮ ಪ್ರಮುಖರು. ಸೇದದ 91,540 ಮಂದಿ ಗೃಹಿಣಿಯರ ಆರೋಗ್ಯವನ್ನು ಅವರು 14 ವರ್ಷಗಳ ಕಾಲ ಗಮನಿಸಿ 1981ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಡ ಅತಿಯಾಗಿ ಸೇದುವವನಾಗಿದ್ದರೆ ಹೆಂಡತಿಗೆ ಶ್ವಾಸಕೋಶದ ಅರ್ಬುದ ಬರುವ ಸಂಭವ ಸುಮಾರು ಎರಡರಷ್ಟಾಗುತ್ತಿತ್ತು. ಗರ್ಭದ ಮಗುವಿನ ವಿಷಯದಲ್ಲಿಯೂ ಮುಂದೆ ಇಂತಹ ಪರಿಶೀಲನೆಗಳು ನಡೆದವು. ಹಲವು ದೇಶಗಳ ಅಧ್ಯಯನಗಳನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಟ್ಟುಗೂಡಿಸಿ ನೋಡಿದರು. ಪರರ ಹೊಗೆಯನ್ನು ಉಸಿರಾಡಿದ ತಾಯಂದಿರ ಶಿಶುಗಳು ಸರಾಸರಿ 33 ಗ್ರಾಂನಷ್ಟು ಕಡಮೆ ತೂಗುವುವೆಂದು 2008ರಲ್ಲಿಯೂ, ಗರ್ಭದಲ್ಲಿಯೇ ಮಗು ಸಾಯುವ ಅಪಾಯ ನೂರಕ್ಕೆ 23ರಷ್ಟು ಏರುವುದೆಂದು 2011ರಲ್ಲಿಯೂ ಅವರು ತಿಳಿಸಿದರು. ಎರಡನೆಯ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ನೂರರಲ್ಲಿ 23 ಮಕ್ಕಳು ಸಾಯುವುವೆಂದು ಇದರ ಅರ್ಥವಲ್ಲ. ಸಾವಿರ ಹೆರಿಗೆಗಳಲ್ಲಿ ಹತ್ತು ಮನೆಗಳಿಗೆ ಒದಗುವ ದುಃಖ ಹನ್ನೆರಡು ಮನೆಗಳಿಗೆ ಒದಗುತ್ತದೆಂದು ಅರ್ಥ. ಆ ಎರಡು ಮನೆಗಳು ಯಾರವೆಂಬುದು ಮೊದಲೇ ಯಾರಿಗೂ ತಿಳಿಯದು.

33 ಗ್ರಾಂ ಎಂದರೆ ಒಂದು ಹಿಡಿ ಅವಲಕ್ಕಿಯ ತೂಕ. ಅಷ್ಟಕ್ಕೇಕೆ ಇಷ್ಟು ಗದ್ದಲವೆಂದು ಕೇಳುವವರು ಇರಬಹುದು. ಸರಾಸರಿಯೆಂಬುದು ಎಲ್ಲರಿಗೂ ಸಮನಾಗಿ ಹಂಚಿಹೋಗುವ ವಸ್ತುವಲ್ಲ. ಹೆಚ್ಚು ಹೊಗೆ ಕುಡಿದವಳ ಮಗು ಹೆಚ್ಚು ಕಳೆದುಕೊಳ್ಳುತ್ತದೆ. ಮೇಲಾಗಿ, ಎರಡೂವರೆ ಕಿಲೋಗಿಂತ ಕಡಮೆ ತೂಗುವ ಮಗುವನ್ನು ವೈದ್ಯರು ತೂಕ ಸಾಲದ ಮಗುವೆನ್ನುತ್ತಾರೆ; ಭಾರತದಲ್ಲಿ ಹುಟ್ಟಿದಾಗ ತೂಗಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಅಂತಹವು. ಎರಡೂವರೆ ಕಿಲೋದ ಗೆರೆಯ ಮೇಲೆಯೇ ಅನೇಕ ಮಕ್ಕಳು ಹುಟ್ಟುವ ನಾಡಿನಲ್ಲಿ ಒಂದು ಹಿಡಿಯೂ ಹಗುರವಲ್ಲ.

ಹುಟ್ಟಿದಾಗಿನ ತೂಕ ಮನುಷ್ಯನನ್ನು ಎಷ್ಟು ದೂರ ಹಿಂಬಾಲಿಸುತ್ತದೆಂಬುದಕ್ಕೆ ಸಾಕ್ಷ್ಯ ದೂರದ ದೇಶದಲ್ಲಿಲ್ಲ, ಮೈಸೂರಿನಲ್ಲಿಯೇ ಇದೆ. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮೈಸೂರು ಜಿಲ್ಲೆಗೇ ಸೇರಿತ್ತು. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ದಾದಿಯರು 1934ರಿಂದಲೂ ಅಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಸಂಶೋಧಕರು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ತೂಗಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಆ ಅಧ್ಯಯನ ಹೊಗೆಯನ್ನು ಕುರಿತದ್ದಲ್ಲ. ತೂಕ ಕುಗ್ಗಲು ಕಾರಣಗಳು ಹಲವು: ತಾಯಿಯ ಆಹಾರ, ರಕ್ತಹೀನತೆ, ರೋಗ. ಆದರೆ ತೊಟ್ಟಿಲಲ್ಲಿ ಕಡಮೆಯಾದುದು ಐವತ್ತರ ವಯಸ್ಸಿನಲ್ಲಿ ಎದೆಯನ್ನು ತಟ್ಟಬಹುದೆಂದು ಅದು ತೋರಿಸಿಕೊಟ್ಟಿತು. ಕಾರಣಗಳಲ್ಲಿ ಕೆಲವನ್ನು ತೊಲಗಿಸಲು ವರ್ಷಗಳೇ ಹಿಡಿಯುತ್ತವೆ. ಮನೆಯೊಳಗಿನ ಸಿಗರೇಟನ್ನು ತೊಲಗಿಸಲು ಒಂದು ಸಂಜೆ ಸಾಕು.

‘ನಮ್ಮಜ್ಜಿ ಸೌದೆಯ ಹೊಗೆಯಲ್ಲಿ ಬೆಂದು ಹತ್ತು ಮಕ್ಕಳನ್ನು ಹೆತ್ತಳು, ನಮ್ಮಜ್ಜ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ, ನಮಗೇನಾಗಿದೆ?’ ಎಂಬ ವಾದವನ್ನು ಎಲ್ಲ ಮನೆಗಳಲ್ಲಿಯೂ ಕೇಳಬಹುದು. ಆ ಹತ್ತರಲ್ಲಿ ಎಷ್ಟು ಉಳಿದವೆಂದು ಕೇಳಿದರೆ ವಾದ ಅಲ್ಲಿಗೆ ನಿಲ್ಲುತ್ತದೆ. ಸೌದೆಯ ಹೊಗೆಯೂ ಬಸುರಿಗೆ ಕೇಡೇ. ಅನೇಕ ಮನೆಗಳು ಅನಿಲದ ಒಲೆಗೆ ಹಣ ತೆತ್ತು ಅಡುಗೆಮನೆಯನ್ನು ಹೊಗೆಯಿಂದ ಬಿಡಿಸಿಕೊಂಡಿವೆ. ಅಡುಗೆಮನೆಯಿಂದ ಹೊರಗಟ್ಟಿದ ಹೊಗೆಯನ್ನು ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸುವುದು ಯಾವ ವಿವೇಕ?

ಕಾನೂನು ಮಾಡಬಹುದಾದುದನ್ನು ಬಹುಮಟ್ಟಿಗೆ ಮಾಡಿದೆ. 2003ರ ಕೇಂದ್ರ ಕಾಯಿದೆಯ ಆಧಾರದ ಮೇಲೆ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಯಿತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ದಂಡವನ್ನು 200 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿಸಿತು. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ಈಗ ಯಾರಾದರೂ ಬೀಡಿ ಹಚ್ಚಿದರೆ ಕಂಡಕ್ಟರು ಸುಮ್ಮನಿರುವುದಿಲ್ಲ, ಪಕ್ಕದವರೂ ಸುಮ್ಮನಿರುವುದಿಲ್ಲ. ಪರಿಚಯವಿಲ್ಲದ ಸಹಪ್ರಯಾಣಿಕರಿಗಾಗಿ ಗಂಟೆಗಟ್ಟಲೆ ತಡೆದುಕೊಳ್ಳುವ ಅದೇ ಮನುಷ್ಯ ಮನೆಗೆ ಬಂದೊಡನೆ ಬಸುರಿ ಹೆಂಡತಿಯ ಪಕ್ಕದಲ್ಲಿ ಕಡ್ಡಿ ಗೀರುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿತೇನೋ! ಕಾನೂನು ಹೊಸಿಲಿನವರೆಗೆ ಬರಬಲ್ಲುದು. ಹೊಸಿಲನ್ನು ದಾಟಿ ಒಳಗೆ ಹೋಗಬೇಕಾದುದು ತಿಳುವಳಿಕೆ.

ಆ ತಿಳುವಳಿಕೆಯನ್ನು ಒಯ್ಯತಕ್ಕವರು ಬಸುರಿಯನ್ನು ನೋಡುವ ವೈದ್ಯರೂ ದಾದಿಯರೂ ಆಶಾ ಕಾರ್ಯಕರ್ತೆಯರೂ ಆಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯವಾಗಿಯೇ 2013ರಲ್ಲಿ ಶಿಫಾರಸುಗಳನ್ನು ಹೊರಡಿಸಿತು. ಬಸುರಿಯನ್ನು ಮೊದಲ ಭೇಟಿಯಲ್ಲಿಯೂ ಅನಂತರದ ಪ್ರತಿಯೊಂದು ಭೇಟಿಯಲ್ಲಿಯೂ, ತಂಬಾಕನ್ನು ಸೇವಿಸುವಳೇ ಎಂದು ಮಾತ್ರವಲ್ಲದೆ, ಪರರ ಹೊಗೆಗೆ ಸಿಕ್ಕುವಳೇ ಎಂದೂ ಕೇಳಬೇಕೆಂಬುದು ಅವುಗಳಲ್ಲಿ ಒಂದು. ಸಾಧ್ಯವಾದ ಕಡೆಯಲ್ಲೆಲ್ಲ ಗಂಡನನ್ನೂ ಮನೆಯ ಇತರರನ್ನೂ ನೇರವಾಗಿ ಕಂಡು ಅಪಾಯವನ್ನು ತಿಳಿಸಿ, ಬಿಡಲು ನೆರವಾಗಬೇಕೆಂಬುದು ಮತ್ತೊಂದು. ಇಡೀ ವಿಷಯದ ತಿರುಳು ಈ ಎರಡನೆಯ ಮಾತಿನಲ್ಲಿದೆ.

ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಚಹದಂಗಡಿಯ ಬಳಿ ನಿಂತವನನ್ನು ಐದು ನಿಮಿಷ ಒಳಗೆ ಕರೆದರೆ ಸಾಕು. ಮಗುವಿನ ಎದೆಬಡಿತವನ್ನು ಅವನ ಕಿವಿಗೊಮ್ಮೆ ಕೇಳಿಸಿ, ‘ಈ ಮಗುವಿನ ಉಸಿರು ನಿಮ್ಮ ಮನೆಯ ಗಾಳಿ’ ಎಂದು ವೈದ್ಯರು ಹೇಳಿದರೆ ಆ ಮಾತಿಗಿರುವ ತೂಕ ಹೆಂಡತಿ ನೂರು ಸಲ ಅತ್ತರೂ ಬಾರದು. ಅವಳ ಬಾಯಿಂದ ಬಂದರೆ ಅದು ಆಕ್ಷೇಪಣೆ. ವೈದ್ಯರ ಬಾಯಿಂದ ಬಂದರೆ ಚಿಕಿತ್ಸೆ. ಮಾವನವರಂತಹ ಹಿರಿಯರಿಗೆ ಸೊಸೆ ಹೇಳಲಾಗದುದನ್ನು ಮನೆಗೆ ಬರುವ ಆಶಾ ಕಾರ್ಯಕರ್ತೆ ಮರ್ಯಾದೆಯಿಂದಲೇ ಹೇಳಬಹುದು. ಆಸ್ಪತ್ರೆ ಜನರ ಬಳಿಗೆ ನಡೆದುಹೋಗುವುದು ಈ ಜಿಲ್ಲೆಗೆ ಅಪರಿಚಿತವಾದ ಸಂಗತಿಯಲ್ಲ. ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆಯೇ ನೆಲೆಸಿ ಚಿಕಿತ್ಸೆ ನೀಡಿದುದನ್ನು ನಾಡು ಬಲ್ಲುದು. ಕಾಡಿನ ಹಾಡಿಗೆ ಹೋದ ಹಿತವಚನ ಪೇಟೆಯ ನಡುಮನೆಗೆ ಹೋಗಲಾರದೇ?

ಮನೆಯವರು ಅರಿಯಬೇಕಾದ ವಿವರಗಳು ಕೆಲವುಂಟು. ಕಿಟಕಿ ತೆರೆದುದರಿಂದಾಗಲಿ ಬೀಸಣಿಗೆ ತಿರುಗಿಸಿದುದರಿಂದಾಗಲಿ ಅಗರಬತ್ತಿ ಹಚ್ಚಿದುದರಿಂದಾಗಲಿ ಹೊಗೆಯ ವಿಷ ಹೋಗುವುದಿಲ್ಲ. ವಾಸನೆ ಮರೆಯಾಗಬಹುದು, ಅಷ್ಟೆ. ಬಚ್ಚಲುಮನೆಯಲ್ಲಿ ಸೇದಿದರೂ, ಬಾಗಿಲ ಬಳಿ ನಿಂತು ಸೇದಿದರೂ ಹೊಗೆ ಒಳಗೇ ಬರುತ್ತದೆ. ಇಷ್ಟು ಸೇದಿದರೆ ಅಪಾಯವಿಲ್ಲವೆಂಬ ಸುರಕ್ಷಿತ ಮಿತಿಯೊಂದು ಇಲ್ಲವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದುದರಿಂದ ಒಳಗೆ ಯಾರೂ, ಬಂದ ನೆಂಟರೂ ಕೂಡ, ಯಾವ ಕೋಣೆಯಲ್ಲಿಯೂ ಹಚ್ಚಬಾರದೆಂಬ ಒಂದೇ ನಿಯಮ ಸರಿ. ಕಾರಿನೊಳಗೂ ಅದೇ ನಿಯಮ. ಪೂರ್ತಿಯಾಗಿ ಬಿಡುವುದೇ ಉತ್ತಮ. ಅದು ಸುಲಭವಲ್ಲ; ನಿಕೋಟಿನ್ ಹಿಡಿದವನನ್ನು ಸುಲಭವಾಗಿ ಬಿಡುವುದಿಲ್ಲ. ಬಿಡಬೇಕೆನ್ನುವವರಿಗೆ ಸಲಹೆ ನೀಡಲು 1800-11-2356 ಎಂಬ ಉಚಿತ ದೂರವಾಣಿಯನ್ನು ಕೇಂದ್ರ ಸರ್ಕಾರ 2016ರಲ್ಲಿ ಏರ್ಪಡಿಸಿತು. ಬಿಡುವವರೆಗೆ ಅಂಗಳದಾಚೆ, ಮನೆಯಿಂದ ದೂರ ಸೇದಿ, ಕೈ ಬಾಯಿ ತೊಳೆದು ಒಳಗೆ ಬರುವುದು ಕನಿಷ್ಠ ಕರ್ತವ್ಯ.

ಅತ್ತೆಯವರ ಪಾತ್ರವನ್ನು ಮರೆಯಲಾಗದು. ಇಂತಹ ಮನೆಗಳಲ್ಲಿ ಗಂಡಸರಿಗೆ ಎದುರು ಮಾತಾಡುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಆಕೆಗೆ. ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು, ಗ್ರಹಣದ ದಿನ ಎಲ್ಲಿ ಕುಳಿತಿರಬೇಕು ಎಂಬುದನ್ನೆಲ್ಲ ವಿಧಿಸುವ ಆಕೆ ನಡುಮನೆಯ ಹೊಗೆಗೂ ಒಂದು ವಿಧಿ ಹಾಕಬಹುದು. ‘ಮಗು ಬರುವವರೆಗೆ ಮನೆಯೊಳಗೆ ಕಡ್ಡಿಪೆಟ್ಟಿಗೆ ದೇವರ ದೀಪಕ್ಕೆ ಮಾತ್ರ’ ಎಂದು ಆಕೆ ಒಮ್ಮೆ ಅಂದರೆ ಮೀರುವವರು ಅಪರೂಪ. ಮಗು ಬಂದ ಮೇಲೆ ಆ ವಿಧಿಯನ್ನು ತೆಗೆಯಬೇಕಾಗಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಇದನ್ನು ಓದುವ ಬಸುರಿಗೂ ಒಂದು ಮಾತು ಸಲ್ಲಬೇಕು. ಈವರೆಗೆ ಉಸಿರಾಡಿದ ಹೊಗೆಗಾಗಿ ಅವಳು ಹೆದರಿ ಕೊರಗಬೇಕಾಗಿಲ್ಲ. ಅದು ಅವಳ ತಪ್ಪೂ ಅಲ್ಲ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕೆಟ್ಟ ಅನಿಲ ರಕ್ತದಿಂದ ತೊಲಗುತ್ತದೆ. ಎಂಟನೆಯ ತಿಂಗಳಲ್ಲಿ ನಿಂತರೂ ಮಗುವಿಗೆ ಲಾಭವೇ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ದಾದಿ ಕೇಳದಿದ್ದರೂ ಅವಳೇ ಹೇಳಬಹುದು: ‘ನಮ್ಮ ಮನೆಯಲ್ಲಿ ಸೇದುತ್ತಾರೆ, ನನ್ನಿಂದ ಹೇಳಲಾಗುವುದಿಲ್ಲ, ಅವರನ್ನು ಒಳಗೆ ಕರೆದು ನೀವೇ ಒಂದು ಮಾತು ಹೇಳಿ.’

ಇನ್ನು ಕಿವಿ ಸೋರುವ ಮಾತು. ಹುಣಿಸೆಯ ಹಣ್ಣು ಸಿಗದುದರಿಂದ ಯಾವ ಮಗುವಿನ ಕಿವಿಯೂ ಸೋರಲಿಲ್ಲ. ಆದರೆ ಸೇದುವ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ನಡುಗಿವಿಯ ರೋಗ, ಉಬ್ಬಸ, ಎದೆಯ ಸೋಂಕುಗಳು ಹೆಚ್ಚೆಂದೂ, ಎಳೆಯ ಕೂಸು ನಿದ್ದೆಯಲ್ಲಿಯೇ ಹಠಾತ್ತಾಗಿ ತೀರಿಕೊಳ್ಳುವ ಅಪಾಯವೂ ಹೆಚ್ಚೆಂದೂ ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಖಚಿತವಾಗಿ ಹೇಳಿತು. ತೀರದೆ ಉಳಿದ ಒಂದು ಬಯಕೆಯಿಂದ ಮಗುವಿನ ಕಿವಿ ಸೋರುವುದು ನಿಜ. ಆ ಬಯಕೆ ಯಾವುದೆಂಬುದು ಮಾತ್ರ ಹಿರಿಯರಿಗೆ ತಿಳಿದಿರಲಿಲ್ಲ. ಸೀಮಂತದ ದಿನ ಹಸಿರು ಬಳೆ ತೊಡಿಸಿ, ಹೂವು ಮುಡಿಸಿ, ‘ಏನು ಬೇಕಮ್ಮ?’ ಎಂದು ಕೇಳುವ ಸಂಪ್ರದಾಯ ಇನ್ನೂ ಉಳಿದಿದೆ. ಈ ಸಲ ಆ ಪ್ರಶ್ನೆಯನ್ನು ಗಂಡನೂ ಮಾವನೂ ಕೇಳಲಿ. ಉತ್ತರ ಬರುವವರೆಗೆ ಸ್ವಲ್ಪ ಹೊತ್ತು ಕಾಯಲಿ.